ಹಡಗಿಗೆ ಯಾವ ಎಣ್ಣೆ? ಗಂಧಕದ ನಿಯಮದ ಮುಂದಿರುವ ದಾರಿಗಳ ಹೋಲಿಕೆ

ಪಣಂಬೂರಿನ ನವಮಂಗಳೂರು ಬಂದರಿನಿಂದ ಹೊರಟ ಹಡಗು ಅರಬ್ಬಿ ಸಮುದ್ರ ದಾಟಿ ಯುಎಇಯ ಫುಜೈರಾ ಬಂದರು ಸೇರುವವರೆಗೆ ಅದು ಸುಡುವ ಎಣ್ಣೆಯಲ್ಲಿ ಗಂಧಕ ಶೇ 0.50 ಮೀರುವಂತಿಲ್ಲ. ಅದೇ ಹಡಗು ಸುಯೆಜ್ ಕಾಲುವೆ ಮುಗಿಸಿ ಮೆಡಿಟರೇನಿಯನ್‌ಗೆ ಇಳಿದರೆ ಮಿತಿ ಶೇ 0.10. ಕ್ಯಾಲಿಫೋರ್ನಿಯಾ ತೀರದಿಂದ 24 ನಾಟಿಕಲ್ ಮೈಲಿಯೊಳಗೆ ಬಂದರೆ ಶೇ 0.10 ಇದ್ದರಷ್ಟೇ ಸಾಲದು, ಎಣ್ಣೆ ಡಿಸ್ಟಿಲೇಟ್ (ಡೀಸೆಲಿನಂತೆ ಬಟ್ಟಿ ಇಳಿಸಿದ) ಜಾತಿಯದ್ದೇ ಆಗಿರಬೇಕು. ಹಡಗು ಒಂದೇ ಆದರೂ ನೀರು ಬದಲಾದಂತೆ ಕಾನೂನು ಬದಲಾಗುತ್ತದೆ.

ಹಾಗಾಗಿ ಎಣ್ಣೆ ಆರಿಸುವವರು ಮೊದಲು ಬಿಡಿಸಿಡಬೇಕಾದ್ದು ನಕ್ಷೆ. ಬೆಲೆಪಟ್ಟಿ ಆಮೇಲೆ. ಹಡಗು ವರ್ಷದಲ್ಲಿ ಯಾವ ನೀರಿನಲ್ಲಿ ಎಷ್ಟು ದಿನ ಓಡುತ್ತದೆ, ಗುಜರಿ ಅಂಗಳ ಸೇರಲು ಇನ್ನೆಷ್ಟು ವರ್ಷ ಬಾಕಿ ಇದೆ ಎಂಬುದು ಕೈಯಲ್ಲಿದ್ದರೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ ಎಂಜಿನ್ ಕೋಣೆಯಲ್ಲಿದೆ. ಈ ಬರಹ ಹೆಚ್ಚು ಹೊತ್ತು ಅಲ್ಲೇ ಇರುತ್ತದೆ, ಏಕೆಂದರೆ ಕಾಗದದ ಮೇಲೆ ಅಗ್ಗವಾಗಿ ಕಂಡ ಎಣ್ಣೆ ದುಬಾರಿಯಾಗುವುದು ಎಣ್ಣೆ ಶುದ್ಧ ಮಾಡುವ ಪ್ಯೂರಿಫೈಯರ್ ಯಂತ್ರದ ಮುಂದೆಯೇ.

ನಿಯಮ ಎಲ್ಲಿಗೆ ಬಂದು ನಿಂತಿದೆ

ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ, ಹಡಗಿನ ಹೊಗೆಯನ್ನು ಕಟ್ಟಿಹಾಕುವುದು ಮಾರ್ಪೋಲ್ ಒಪ್ಪಂದದ ಆರನೇ ಅನುಬಂಧದ ಮೂಲಕ. 1997ರಲ್ಲಿ ಅಂಗೀಕಾರವಾದ ಈ ಅನುಬಂಧ ಜಾರಿಗೆ ಬಂದದ್ದು 2005ರ ಮೇ 19ರಂದು. ಆಗ ಎಲ್ಲ ಸಮುದ್ರಗಳಿಗೂ ಇದ್ದ ಮಿತಿ ಶೇ 4.50. 2012ರಲ್ಲಿ ಅದು 3.50ಕ್ಕೆ ಇಳಿಯಿತು. 2020ರ ಜನವರಿ 1ರಂದು ಒಂದೇ ಏಟಿಗೆ 0.50. ಅದೇ ವರ್ಷದ ಮಾರ್ಚ್ 1ರಿಂದ, ಹೊಗೆ ತೊಳೆಯುವ ಸ್ಕ್ರಬ್ಬರ್ ಇಲ್ಲದ ಹಡಗು ಮಿತಿ ಮೀರಿದ ಎಣ್ಣೆಯನ್ನು ಉರಿಸಲೆಂದು ಟ್ಯಾಂಕಿನಲ್ಲಿ ಇಟ್ಟುಕೊಳ್ಳುವುದೇ ತಪ್ಪು. ‘ಸುಡಲಿಲ್ಲ, ಸುಮ್ಮನೆ ಇದೆ’ ಎನ್ನುವ ಸಮಜಾಯಿಷಿ ಅಂದಿಗೇ ಮುಗಿಯಿತು.

ಇದರ ಮೇಲೆ ಬಿಗಿ ವಲಯಗಳಿವೆ. ಬಾಲ್ಟಿಕ್, ಉತ್ತರ ಸಮುದ್ರ, ಉತ್ತರ ಅಮೆರಿಕದ ಕರಾವಳಿ, ಅಮೆರಿಕಕ್ಕೆ ಸೇರಿದ ಕೆರಿಬಿಯನ್ ನೀರು, ಈ ನಾಲ್ಕರಲ್ಲಿ 2015ರಿಂದ ಶೇ 0.10. 2025ರ ಮೇ 1ರಿಂದ ಇಡೀ ಮೆಡಿಟರೇನಿಯನ್ ಆ ಸಾಲಿಗೆ ಸೇರಿದೆ. ಭಾರತದಿಂದ ಯುರೋಪಿಗೆ ಸುಯೆಜ್ ಮೂಲಕ ಹೋಗುವ ಹಡಗುಗಳ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಇದೇ. ಮೊದಲು ಇಂಗ್ಲಿಷ್ ಕಡಲ್ಗಾಲುವೆಯ ಬಾಯಲ್ಲಿ ಎಣ್ಣೆ ಬದಲಿಸಿದರೆ ಸಾಕಿತ್ತು, ಈಗ ಪೋರ್ಟ್ ಸೈದ್ ದಾಟುವ ಮೊದಲೇ ಬದಲಿಸಿರಬೇಕು. ಯುರೋಪಿಯನ್ ಒಕ್ಕೂಟದ ಬಂದರುಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ಕಟ್ಟಿ ನಿಲ್ಲುವ ಹಡಗಿಗೆ 2010ರಿಂದಲೇ 0.10 ಇದೆ. ಚೀನಾ, ಕೊರಿಯಾಗಳಿಗೆ ತಮ್ಮದೇ ಕರಾವಳಿ ನಿಯಮಗಳಿವೆ.

ಗಂಧಕ ಉರಿದಾಗ ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಗಾಳಿಯಲ್ಲಿ ಅದು ಸೂಕ್ಷ್ಮ ಸಲ್ಫೇಟ್ ಕಣಗಳಾಗಿ ಶ್ವಾಸಕೋಶಕ್ಕಿಳಿಯುತ್ತದೆ, ಮಳೆಯಲ್ಲಿ ಬೆರೆತು ಆಮ್ಲವಾಗುತ್ತದೆ. ಬಂದರಿನ ಪಕ್ಕದ ಊರುಗಳಿಗೆ ಈ ನಿಯಮ ಮುಖ್ಯವಾಗುವುದು ಅದಕ್ಕೆ. ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬಹುದು: ಗಂಧಕದ ನಿಯಮ ಪಾಲಿಸಿದರೆ ನೈಟ್ರೋಜನ್ ಆಕ್ಸೈಡಿನ ನಿಯಮ ಪಾಲಿಸಿದಂತೆ ಆಗುವುದಿಲ್ಲ. ಅದು ಎಂಜಿನ್ನಿಗೆ ಸಂಬಂಧಿಸಿದ್ದು, ಎಣ್ಣೆ ಬದಲಿಸಿ ಗೆಲ್ಲುವಂಥದ್ದಲ್ಲ.

ಮೊದಲ ದಾರಿ: ಶೇ 0.50ರ ವಿಎಲ್‌ಎಸ್‌ಎಫ್‌ಒ

ಜಗತ್ತಿನ ಬಹುಪಾಲು ಹಡಗುಗಳು ಹಿಡಿದ ದಾರಿ ಇದು. ಹೊಸ ಯಂತ್ರ ಬೇಡ, ಹೊಸ ಟ್ಯಾಂಕ್ ಬೇಡ, ದೊಡ್ಡ ಬಂದರುಗಳಲ್ಲೆಲ್ಲ ಸಿಗುತ್ತದೆ. ಆದರೆ ವಿಎಲ್‌ಎಸ್‌ಎಫ್‌ಒ (ಅತಿ ಕಡಿಮೆ ಗಂಧಕದ ಹಡಗಿನ ಎಣ್ಣೆ) ಎನ್ನುವುದು ಒಂದು ಎಣ್ಣೆಯ ಹೆಸರಲ್ಲ, ಒಂದು ಮಿತಿಯ ಹೆಸರು. ಸಿಂಗಾಪುರದಲ್ಲಿ ತುಂಬಿಸಿದ್ದು ಮತ್ತು ರಾಟರ್‌ಡ್ಯಾಮಿನಲ್ಲಿ ತುಂಬಿಸಿದ್ದು ಒಂದೇ ಹೆಸರಿನ ಎರಡು ಬೇರೆ ವಸ್ತುಗಳಾಗಿರಬಹುದು. ಒಂದರ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, 50 ಡಿಗ್ರಿಯಲ್ಲಿ 40 ಸೆಂಟಿಸ್ಟೋಕ್ (ಅದರ ಮಾನ), ಇನ್ನೊಂದರದ್ದು 300. ಒಂದು ಮೇಣದ ಗುಣದ್ದು, ಇನ್ನೊಂದು ಡಾಂಬರಿನ ಗುಣದ್ದು. ಹಳೆಯ 380 ಸೆಂಟಿಸ್ಟೋಕ್ ಎಣ್ಣೆಗೆ ಕಣ್ಣುಮುಚ್ಚಿ ಇಡುತ್ತಿದ್ದ ತಾಪಮಾನಗಳು ಇದಕ್ಕೆ ನಡೆಯವು.

ತೊಂದರೆ ಶುರುವಾಗುವ ಮೊದಲ ಜಾಗ ಟ್ಯಾಂಕ್. ಭಾರ ಎಣ್ಣೆಯಲ್ಲಿರುವ ಆಸ್ಫಾಲ್ಟೀನ್ ಎಂಬ ಡಾಂಬರಿನಂಥ ಕಣಗಳು ತೇಲಿಕೊಂಡಿರಲು ಎಣ್ಣೆಗೆ ಅವನ್ನು ಹಿಡಿದಿಡುವ ಅರೋಮ್ಯಾಟಿಕ್ ಗುಣ ಬೇಕು. ಅದಕ್ಕೆ ಮೇಣದ ಗುಣದ ಎಣ್ಣೆ ಬೆರೆತರೆ ಕಣಗಳು ಒಂದಕ್ಕೊಂದು ಅಂಟಿ ಕೆಸರಾಗುತ್ತವೆ. ಎರಡೂ ಎಣ್ಣೆ ಬೇರೆಬೇರೆಯಾಗಿ ಪರೀಕ್ಷೆಯಲ್ಲಿ ಪಾಸಾಗಿರುತ್ತವೆ, ಕೂಡಿದಾಗ ಮಾತ್ರ ಕೆಡುತ್ತವೆ. ಹಾಲೂ ಒಳ್ಳೆಯದೇ, ನಿಂಬೆರಸವೂ ಒಳ್ಳೆಯದೇ, ಆದರೆ ಒಟ್ಟಿಗೆ ಅಲ್ಲ. ಹೊಸ ಬಂಕರನ್ನು, ಅಂದರೆ ಹಡಗಿಗೆಂದು ಕೊಂಡ ಎಣ್ಣೆಯನ್ನು, ಖಾಲಿ ಟ್ಯಾಂಕಿಗೇ ತುಂಬಿಸಿ. ಪೂರ್ತಿ ಖಾಲಿ ಸಿಗದಿದ್ದರೆ ತಳದಲ್ಲಿ ಉಳಿದದ್ದು ಆದಷ್ಟು ಕಡಿಮೆ ಇರುವ ಟ್ಯಾಂಕನ್ನು ಆರಿಸಿ. ಬೆರೆಸಲೇಬೇಕಾದರೆ ಹಡಗಿನಲ್ಲೇ ಸ್ಪಾಟ್ ಟೆಸ್ಟ್ ಮಾಡಿ: ಎರಡೂ ಎಣ್ಣೆಯನ್ನು ನೀವು ಬೆರೆಸಲಿರುವ ಪ್ರಮಾಣದಲ್ಲೇ ಕೂಡಿಸಿ, ಬಿಸಿ ಮಾಡಿ, ಚೆನ್ನಾಗಿ ಕಲಕಿ, ಒಂದು ಹನಿಯನ್ನು ಪರೀಕ್ಷಾ ಕಾಗದದ ಮೇಲೆ ಬಿಟ್ಟು 100 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಕಲೆ ಒಂದೇ ಬಣ್ಣದಲ್ಲಿ ಸಮನಾಗಿ ಹರಡಿದ್ದರೆ ಒಂದನೇ ದರ್ಜೆ. ನಡುವೆ ಕಪ್ಪು ಬೊಟ್ಟು ಕಟ್ಟಿದರೆ ನಾಲ್ಕು, ಐದು. ಮೂರು ಬಂದರೂ ಬೆರೆಸಬೇಡಿ ಎಂಬುದೇ ನಮ್ಮ ಸಲಹೆ. ಮೇಣ ಹೆಚ್ಚಿರುವ ಎಣ್ಣೆಯಲ್ಲಿ ಈ ಪರೀಕ್ಷೆ ಮೇಣವನ್ನೇ ಕೆಸರೆಂದು ತೋರಿಸಿ ದಾರಿ ತಪ್ಪಿಸುವುದೂ ಉಂಟು, ಆಗ ಪ್ರಯೋಗಾಲಯದ ವರದಿಗೆ ಕಾಯುವುದೇ ಸರಿ.

ಎರಡನೆಯದು ಚಳಿ. ಐಎಸ್‌ಒ 8217 ಮಾನದಂಡ ಈ ಜಾತಿಯ ಎಣ್ಣೆಗಳಿಗೆ 30 ಡಿಗ್ರಿಯವರೆಗಿನ ಪೋರ್ ಪಾಯಿಂಟಿಗೆ (ಎಣ್ಣೆ ಹರಿಯಬಲ್ಲ ಅತಿ ಕಡಿಮೆ ತಾಪ) ಒಪ್ಪುತ್ತದೆ. ಅಂದರೆ ನಮ್ಮ ಕರಾವಳಿಯ ಮಾಘ ಮಾಸದ ಬೆಳಗಿನಲ್ಲೂ ಗಟ್ಟಿಯಾಗಬಲ್ಲ ಎಣ್ಣೆಯನ್ನು ಕಾನೂನುಬದ್ಧವಾಗಿ ಮಾರಬಹುದು. ಟ್ಯಾಂಕನ್ನು ಪೋರ್ ಪಾಯಿಂಟಿಗಿಂತ ಕನಿಷ್ಠ 10 ಡಿಗ್ರಿ ಮೇಲೆ ಇಡಿ. ಒಮ್ಮೆ ಮೇಣ ಕಟ್ಟಿದ ಮೇಲೆ ಕರಗಿಸುವುದು ಕಷ್ಟ, ಏಕೆಂದರೆ ಬಿಸಿ ಮಾಡುವ ಕಾಯಿಲಿನ ಸುತ್ತ ಮಾತ್ರ ಕರಗಿ ಉಳಿದದ್ದು ಹಾಗೇ ನಿಲ್ಲುತ್ತದೆ. ಹಾಗೆಂದು ಬಿಸಿ ಅತಿಯಾದರೂ ಎಣ್ಣೆಯ ಸ್ಥಿರತೆ ಕೆಡುತ್ತದೆ. ವರದಿಯಲ್ಲಿನ ಪೋರ್ ಪಾಯಿಂಟ್ ನೋಡಿ ಟ್ಯಾಂಕಿಗೊಂದು ಅಂಕಿ ಬರೆದು ಅಂಟಿಸುವುದು ಒಳ್ಳೆಯ ರೂಢಿ.

ಮೂರನೆಯದು, ಎಂಜಿನ್ನನ್ನು ನಿಜಕ್ಕೂ ತಿನ್ನುವಂಥದ್ದು: ಕ್ಯಾಟ್ ಫೈನ್ಸ್. ಸಂಸ್ಕರಣಾಗಾರದ ಕ್ರ್ಯಾಕಿಂಗ್ ಘಟಕದಿಂದ ಜಾರಿ ಬರುವ ಅಲ್ಯುಮಿನಿಯಂ ಮತ್ತು ಸಿಲಿಕಾನ್ ಕಣಗಳಿವು, ಉಕ್ಕನ್ನು ಗೀರುವಷ್ಟು ಗಟ್ಟಿ. ಮಾನದಂಡ ಕೆಜಿಗೆ 60 ಮಿಲಿಗ್ರಾಂವರೆಗೆ ಬಿಡುತ್ತದೆ, ಎಂಜಿನ್ ತಯಾರಕರು ಕೇಳುವುದು ಎಂಜಿನ್ ಬಾಗಿಲಲ್ಲಿ 15ಕ್ಕಿಂತ ಕಡಿಮೆ. ನಡುವಿನ 45ನ್ನು ತೆಗೆಯಬೇಕಾದ್ದು ಸೆಟ್ಲಿಂಗ್ ಟ್ಯಾಂಕ್ ಮತ್ತು ಪ್ಯೂರಿಫೈಯರ್. ಎಣ್ಣೆ ತೆಳುವಾಗಿದೆ ಎಂದು ಪ್ಯೂರಿಫೈಯರಿನ ತಾಪ ಇಳಿಸಿ ಹರಿವು ಏರಿಸಿದರೆ ಕಣಗಳು ದಾಟಿಹೋಗುತ್ತವೆ. ಎಣ್ಣೆಯ ಗುಣ ಒಪ್ಪುವಷ್ಟೂ 98 ಡಿಗ್ರಿಗೆ ಹತ್ತಿರವಿಡಿ, ಹರಿವನ್ನು ಎಂಜಿನ್ ಬಳಕೆಗಿಂತ ಸ್ವಲ್ಪವೇ ಮೇಲೆ ಇಡಿ, ಎರಡು ಪ್ಯೂರಿಫೈಯರ್ ಇದ್ದರೆ ಎರಡನ್ನೂ ಜೊತೆಯಾಗಿ ನಿಧಾನವಾಗಿ ಓಡಿಸಿ. ಗ್ರ್ಯಾವಿಟಿ ಡಿಸ್ಕ್ ಇರುವ ಹಳೆಯ ಯಂತ್ರವಾದರೆ ಪ್ರತಿ ಬಂಕರಿನ ಸಾಂದ್ರತೆಗೂ ಡಿಸ್ಕ್ ಬದಲಿಸಬೇಕು. ಇದನ್ನು ಮರೆತು ಎಣ್ಣೆಯನ್ನೇ ಸ್ಲಡ್ಜ್ ಟ್ಯಾಂಕಿಗೆ ಕಳಿಸುವುದು ಅಪರೂಪವಲ್ಲ.

ಸಿಲಿಂಡರ್ ಎಣ್ಣೆಯನ್ನೂ, ಅಂದರೆ ಸಿಲಿಂಡರಿನ ಸವೆತ ತಡೆಯುವ ಜಾರು ಎಣ್ಣೆಯನ್ನೂ, ಮರೆಯುವಂತಿಲ್ಲ. ಹೆಚ್ಚು ಗಂಧಕದ ಕಾಲದಲ್ಲಿ ಆಮ್ಲವನ್ನು ತಟಸ್ಥಗೊಳಿಸಲು (ಆ ಶಕ್ತಿಯ ಅಳತೆಯೇ ಬಿಎನ್) 70ರಿಂದ 100 ಬಿಎನ್‌ನ ಎಣ್ಣೆ ಹಾಕುತ್ತಿದ್ದರು, 0.50ಕ್ಕೆ 40ರ ಆಸುಪಾಸು ಸಾಕು. ಹಳೆಯದನ್ನೇ ಮುಂದುವರಿಸಿದರೆ ಕೆಲಸವಿಲ್ಲದೆ ಉಳಿದ ಕ್ಯಾಲ್ಸಿಯಂ ಪಿಸ್ಟನ್ ತಲೆಯಲ್ಲಿ ಬಿಳಿ ಗಟ್ಟಿ ಪದರವಾಗಿ ಕುಳಿತು ಸಿಲಿಂಡರಿನ ಒಳಗೋಡೆಯಾದ ಲೈನರನ್ನು ಉಜ್ಜುತ್ತದೆ. ಆದರೆ ಬಿಎನ್ ತೀರಾ ಇಳಿಸಿದಾಗ ಅದರ ಜೊತೆ ತೊಳೆಯುವ ಶಕ್ತಿಯೂ ಇಳಿದು ರಿಂಗ್ ಅಂಟಿಕೊಂಡ ಉದಾಹರಣೆಗಳೂ ಇವೆ. ಸಿಲಿಂಡರಿಗೆ ಗಾಳಿ ಹೋಗುವ ಸ್ಕ್ಯಾವೆಂಜ್ ಪೋರ್ಟಿನಿಂದ ಇಣುಕಿ ನೋಡುವ ಅಂತರವನ್ನು ಮೊದಲ ಆರು ತಿಂಗಳು ಅರ್ಧಕ್ಕಿಳಿಸಿ.

ಬೆಲೆ ಹೋಲಿಸುವಾಗ ಟನ್ನಿನ ದರಕ್ಕೆ ಮರುಳಾಗಬೇಡಿ. ಐಎಂಒ ಲೆಕ್ಕದಲ್ಲಿ ಭಾರ ಎಣ್ಣೆಯ ಶಕ್ತಿ ಕೆಜಿಗೆ 40.2 ಮೆಗಾಜೂಲ್, ಹಗುರ ಫ್ಯೂಯೆಲ್ ಆಯಿಲಿನದು 41.2, ಡೀಸೆಲಿನಂಥ ಗ್ಯಾಸ್ ಆಯಿಲಿನದು 42.7. ಟನ್ನಿಗೆ 600 ಡಾಲರಿನ ಗ್ಯಾಸ್ ಆಯಿಲ್, ಶಕ್ತಿಯ ಲೆಕ್ಕದಲ್ಲಿ, 565 ಡಾಲರಿನ ಭಾರ ಎಣ್ಣೆಗೆ ಸಮ.

ಎರಡನೆಯ ದಾರಿ: ಎಂಜಿಒ, ಮತ್ತು ಬದಲಾವಣೆಯ ಆ ಕೆಲವು ಗಂಟೆ

ಮರೀನ್ ಗ್ಯಾಸ್ ಆಯಿಲ್ (ಎಂಜಿಒ) ದುಬಾರಿ, ಆದರೆ ಶುದ್ಧ. ಕೆಸರಿಲ್ಲ, ಬಿಸಿ ಬೇಕಿಲ್ಲ, ಶೇ 0.10ರ ವಲಯಕ್ಕೆ ನೇರ ಉತ್ತರ. ಇಡೀ ವರ್ಷ ಇದನ್ನೇ ಸುಡುವುದು ಸಣ್ಣ ಹಡಗು, ಟಗ್, ಬಾಲ್ಟಿಕ್ ಒಳಗೇ ಸುತ್ತುವ ಫೆರಿಗಳಿಗೆ ಮಾತ್ರ ಹೊಂದೀತು. ಉಳಿದವರಿಗೆ ಇದು ವಲಯದ ಬಾಗಿಲಲ್ಲಿ ಧರಿಸುವ ಅಂಗಿ. ಅಪಾಯ ಇರುವುದು ಅಂಗಿ ಬದಲಿಸುವ ಹೊತ್ತಿನಲ್ಲಿ.

ವಲಯ ತಲುಪುವ ಮೊದಲು ಎಷ್ಟು ಹೊತ್ತು ಬೇಕು? ಲೆಕ್ಕ ಸರಳ, ತಪ್ಪುವವರೂ ಬಹಳ. ಸರ್ವಿಸ್ ಟ್ಯಾಂಕ್ ವಾಲ್ವಿನಿಂದ ಎಂಜಿನ್ನಿನವರೆಗೆ ಕೊಳವೆ, ಮಿಕ್ಸಿಂಗ್ ಕಾಲಂ, ಹೀಟರ್ ಎಲ್ಲ ಸೇರಿ 2 ಘನ ಮೀಟರ್ ಎಣ್ಣೆ ಹಿಡಿಯುತ್ತದೆ, ಎಂಜಿನ್ ಗಂಟೆಗೆ 1 ಘನ ಮೀಟರ್ ಸುಡುತ್ತದೆ ಎಂದುಕೊಳ್ಳಿ. ಪಂಪು ಎಷ್ಟು ಸುತ್ತಿಸುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಉರಿದುಹೋದಷ್ಟೇ ಹೊಸದು ಒಳಬಂದು ಹಳೆಯದರ ಜೊತೆ ಬೆರೆಯುವುದು, ಹಾಗಾಗಿ ಗಂಧಕ ನಿಧಾನವಾಗಿ ಇಳಿಯುತ್ತದೆ. ಹಳೆಯ ಎಣ್ಣೆ 0.48, ಹೊಸ ಎಂಜಿಒ 0.06 ಆಗಿದ್ದರೆ 0.10ಕ್ಕೆ ಇಳಿಯಲು ಸುಮಾರು 4.7 ಗಂಟೆ. ಹಳೆಯದು ಶೇ 3ರ ಗಂಧಕದ್ದಾಗಿದ್ದರೆ 8.6 ಗಂಟೆ. ಹೊಸ ಎಂಜಿಒದಲ್ಲೇ 0.09 ಇದ್ದರೆ? ಹಳೆಯದು 0.48 ಇದ್ದಾಗಲೂ 7.3 ಗಂಟೆ. ಅಂದರೆ ಎಂಜಿಒ ಕೊಳ್ಳುವಾಗ ‘0.10ರೊಳಗೆ ಇದ್ದರಾಯಿತು’ ಎನ್ನುವ ಬದಲು 0.05ರ ಆಸುಪಾಸಿನದನ್ನು ಕೇಳಿ ಪಡೆದರೆ ಪ್ರತಿ ಪ್ರವೇಶಕ್ಕೂ ಎರಡು-ಮೂರು ಗಂಟೆಯ ದುಬಾರಿ ಎಣ್ಣೆ ಉಳಿಯುತ್ತದೆ. ವೇಗ 14 ನಾಟ್ ಇದ್ದರೆ 4.7 ಗಂಟೆ ಎಂದರೆ 66 ಮೈಲಿ. ಬ್ರಿಜ್‌ನವರಿಗೆ ಗಂಟೆಗಿಂತ ಈ ಮೈಲಿ ಹೇಳಿದರೆ ಕೆಲಸ ಬೇಗ.

ಇನ್ನು ತಾಪ. ಭಾರ ಎಣ್ಣೆ ಎಂಜಿನ್ ಸೇರುವಾಗ 130 ಡಿಗ್ರಿ ದಾಟಿರುತ್ತದೆ, ಎಂಜಿಒ ಸೇರಬೇಕಾದ್ದು 40ರ ಆಸುಪಾಸಿನಲ್ಲಿ. ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ಇಳಿಸಿದರೆ ಫ್ಯೂಯೆಲ್ ಪಂಪಿನ ಬ್ಯಾರೆಲ್ ಒಂದು ವೇಗದಲ್ಲಿ, ಪ್ಲಂಜರ್ ಇನ್ನೊಂದು ವೇಗದಲ್ಲಿ ಕುಗ್ಗಿ ಹಿಡಿದುಕೊಳ್ಳುತ್ತವೆ. ಸೀಲ್‌ಗಳು ಕುಗ್ಗಿ ತೆಳು ಎಣ್ಣೆ ಜಿನುಗುತ್ತದೆ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ವರ್ಷಗಟ್ಟಲೆ ಕೊಳವೆಗೆ ಅಂಟಿದ್ದ ಕೊಳೆಯನ್ನು ಎಂಜಿಒ ತೊಳೆದು ಫಿಲ್ಟರಿಗೆ ತಂದು ಹಾಕುತ್ತದೆ. ಎಣ್ಣೆ ಬದಲಿಸುವಾಗ ಹಡಗುಗಳು ಎಂಜಿನ್ ಬಲ ಕಳೆದುಕೊಳ್ಳುತ್ತಿರುವ ಬಗ್ಗೆ ಅಮೆರಿಕದ ಕೋಸ್ಟ್ ಗಾರ್ಡ್ 2015ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಆದ್ದರಿಂದ ದಟ್ಟಣೆಯ ಜಲಮಾರ್ಗಕ್ಕೆ ಮುಂಚೆ, ತೆರೆದ ನೀರಿನಲ್ಲಿ, ಹೊರೆ ಇಳಿಸಿ ಬದಲಿಸಿ. ಕೊಳವೆ ಬಿಸಿ ಮಾಡುವ ಸ್ಟೀಮ್ ಟ್ರೇಸಿಂಗ್ ಮುಚ್ಚಿದ್ದೀರಾ ಎಂದು ಕೈಯಿಟ್ಟು ನೋಡಿ. ಫ್ಯೂಯೆಲ್ ಪಂಪು ಸವೆದಿದ್ದರೆ ಎಂಜಿಒದಲ್ಲಿ ಒಮ್ಮೆ ಸ್ಟಾರ್ಟ್ ಮಾಡಿ, ಅಸ್ಟರ್ನ್ (ಹಿಂದಕ್ಕೆ ಓಟ) ಕೂಡ ಪರೀಕ್ಷಿಸಿ. ಪೈಲಟ್ ಹತ್ತಿದ ಮೇಲೆ ಎಂಜಿನ್ ಹಿಂದಕ್ಕೆ ತಿರುಗಲಿಲ್ಲವೆಂದರೆ ಯಾವ ಕಾಗದವೂ ಕಾಪಾಡದು.

ಸ್ನಿಗ್ಧತೆ ಎಂಜಿನ್ ಬಾಗಿಲಲ್ಲಿ 2 ಸೆಂಟಿಸ್ಟೋಕ್ ಕೆಳಗೆ ಹೋಗಬಾರದು. ಎಂಜಿಒದ ಡಿಎಂಎ ದರ್ಜೆಗೆ 40 ಡಿಗ್ರಿಯಲ್ಲಿ ಇರುವ ಕನಿಷ್ಠವೇ 2, ಡಿಎಂಜಡ್ ದರ್ಜೆಗೆ 3. ನಮ್ಮ ಬಿಸಿಲಿನ ನೀರಿನಲ್ಲಿ ಎಂಜಿನ್ ಕೋಣೆ 45 ಡಿಗ್ರಿ ದಾಟುತ್ತದೆ, ಆಗ ಡಿಎಂಎ ಅಂಚಿಗೆ ಬಂತೆಂದೇ ಅರ್ಥ. ಒಂದೋ ಡಿಎಂಜಡ್ ಕೊಳ್ಳಿ, ಇಲ್ಲವೇ ಚಿಲ್ಲರ್ ಕೂರಿಸಿ. ಬಾಯ್ಲರನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಭಾರ ಎಣ್ಣೆಗೆಂದು ಮಾಡಿದ ಬರ್ನರಿಗೆ ಎಂಜಿಒ ಕೊಟ್ಟಾಗ ಜ್ವಾಲೆ ಆರುವುದು, ಆರಿದ ಕುಲುಮೆಯಲ್ಲಿ ಆವಿ ತುಂಬಿ ಮತ್ತೆ ಹೊತ್ತಿಸುವಾಗ ಸ್ಫೋಟಿಸುವುದು ಗೊತ್ತಿರುವ ಅಪಾಯ. ನಾಜಲ್ ಮತ್ತು ಜ್ವಾಲೆ ಪತ್ತೆಯ ಸೆನ್ಸರ್ ಎರಡೂ ಎಂಜಿಒಗೆ ಹೊಂದಿರಲಿ, ಕುಲುಮೆಯ ಆವಿ ಹೊರಹಾಕುವ ಪರ್ಜ್ ಸಮಯವನ್ನು ಕಡಿತ ಮಾಡಬೇಡಿ.

ಬದಲಾವಣೆ ಮುಗಿದ ದಿನಾಂಕ, ಹೊತ್ತು, ಹಡಗಿನ ಸ್ಥಾನ, ಪ್ರತಿ ಟ್ಯಾಂಕಿನಲ್ಲಿದ್ದ ಕಡಿಮೆ ಗಂಧಕದ ಎಣ್ಣೆಯ ಪ್ರಮಾಣ, ಇಷ್ಟೂ ಲಾಗ್ ಪುಸ್ತಕದಲ್ಲಿ ಇರಬೇಕು. ಲಿಖಿತ ವಿಧಾನ ಹಡಗಿನಲ್ಲಿ ಇರಲೇಬೇಕು.

ಮೂರನೆಯ ದಾರಿ: ಹೆಚ್ಚು ಗಂಧಕದ ಹಳೆಯ ಎಣ್ಣೆ, ಜೊತೆಗೊಂದು ಸ್ಕ್ರಬ್ಬರ್

ಆರನೇ ಅನುಬಂಧದ ನಾಲ್ಕನೇ ವಿಧಿ ಒಂದು ಕಿಂಡಿ ಬಿಟ್ಟಿದೆ: ಎಣ್ಣೆಯಲ್ಲಿ ಗಂಧಕ ಇದ್ದರೂ ಹೊಗೆಯಲ್ಲಿ ಇರದಂತೆ ನೋಡಿಕೊಂಡರೆ ಸರಿ. ಚಿಮಣಿಯಲ್ಲಿ ಕೂರಿಸಿದ ಗೋಪುರದೊಳಗೆ ಸಮುದ್ರದ ನೀರನ್ನು ಮಳೆಯಂತೆ ಸುರಿದು ಹೊಗೆಯನ್ನು ತೊಳೆಯುವುದೇ ಸ್ಕ್ರಬ್ಬರ್. ನೀರಿನ ಸಹಜ ಕ್ಷಾರ ಗುಣ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಮತ್ತು ಇಂಗಾಲದ ಡೈಆಕ್ಸೈಡಿನ (ಶೇಕಡಾ ಎಷ್ಟು) ಅನುಪಾತ 21.7ರೊಳಗಿದ್ದರೆ ಶೇ 0.50ಕ್ಕೆ ಸಮ, 4.3ರೊಳಗಿದ್ದರೆ ಶೇ 0.10ಕ್ಕೆ ಸಮ.

ತೊಳೆದ ನೀರನ್ನು ಸಮುದ್ರಕ್ಕೇ ಬಿಡುವ ಓಪನ್ ಲೂಪ್ ಬಗೆ ಅಗ್ಗ ಮತ್ತು ಸರಳ. ಆದರೆ ನೀರಿನ ಹಸಿವು ದೊಡ್ಡದು: ಐಎಂಒ ಮಾರ್ಗಸೂಚಿ ತನ್ನ ಲೆಕ್ಕಗಳಿಗೆ ಆಧಾರವಾಗಿ ಇಟ್ಟುಕೊಂಡದ್ದು ಪ್ರತಿ ಮೆಗಾವ್ಯಾಟ್ ಗಂಟೆಗೆ 45 ಟನ್. 12 ಮೆಗಾವ್ಯಾಟ್ ಓಡುತ್ತಿದ್ದರೆ ಗಂಟೆಗೆ 540 ಟನ್ ನೀರು ಮೇಲೆತ್ತಿ, ತೊಳೆದು, ಹೊರಗೆ. ಆ ನೀರಿನ ಆಮ್ಲತೆ, ಕದಡು, ಪಿಎಎಚ್ ಎಂಬ ಎಣ್ಣೆಯ ಶೇಷಗಳು, ಎಲ್ಲಕ್ಕೂ ಸೆನ್ಸರ್ ಮತ್ತು ಮಿತಿ ಇದೆ. ಕ್ಲೋಸ್ಡ್ ಲೂಪಿನಲ್ಲಿ ಅದೇ ನೀರು ಸುತ್ತುತ್ತದೆ, ಕ್ಷಾರಕ್ಕಾಗಿ ಶೇ 50ರ ಕಾಸ್ಟಿಕ್ ಸೋಡಾ ಬೇಕು. ಈ ದ್ರಾವಣ 12 ಡಿಗ್ರಿಯ ಆಸುಪಾಸಿನಲ್ಲಿ ಹರಳುಗಟ್ಟುತ್ತದೆ, ಆದ್ದರಿಂದ ಉತ್ತರದ ಚಳಿಯಲ್ಲಿ ಟ್ಯಾಂಕ್ ಬೆಚ್ಚಗಿರಬೇಕು. ಚರ್ಮವನ್ನು, ಕಣ್ಣನ್ನು ಸುಡುವ ವಸ್ತು, ಐ ವಾಶ್ ಪಕ್ಕದಲ್ಲೇ ಇರಲಿ. ಉಳಿದ ಕೆಸರನ್ನು ದಡದಲ್ಲಿ ಒಪ್ಪಿಸಬೇಕು, ಹಡಗಿನ ಇನ್ಸಿನರೇಟರಿನಲ್ಲಿ ಸುಡುವಂತಿಲ್ಲ. ಎರಡೂ ಬಗೆ ಸೇರಿಸಿದ್ದು ಹೈಬ್ರಿಡ್.

ಓಪನ್ ಲೂಪಿಗೆ ಬಾಗಿಲು ಒಂದೊಂದಾಗಿ ಮುಚ್ಚುತ್ತಿದೆ. ಸಿಂಗಾಪುರ ಬಂದರು, ಫುಜೈರಾ, ಮಲೇಷ್ಯಾದ ಕರಾವಳಿ, ಚೀನಾದ ಬಂದರುಗಳು, ಸುಯೆಜ್, ಪನಾಮಾ, ಇಲ್ಲೆಲ್ಲ ತೊಳೆದ ನೀರು ಬಿಡುವಂತಿಲ್ಲ. 2025ರ ಜುಲೈ 1ರಿಂದ ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್ ತಮ್ಮ ಪ್ರಾದೇಶಿಕ ಜಲದಲ್ಲಿ ನಿಲ್ಲಿಸಿವೆ. ಬಾಲ್ಟಿಕ್‌ನ ಉತ್ತರ ತುದಿಯಲ್ಲಿ ನೀರಿನ ಕ್ಷಾರ ಗುಣವೇ ತೀರಾ ಕಡಿಮೆ, ಅಲ್ಲಿ ಓಪನ್ ಲೂಪ್ ಕಾನೂನಿಗೂ ಮೊದಲು ರಸಾಯನಶಾಸ್ತ್ರಕ್ಕೇ ಸೋಲುತ್ತದೆ.

ದುಡ್ಡಿನ ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ ದಿನಕ್ಕೆ 35 ಟನ್, ವರ್ಷಕ್ಕೆ ಸಮುದ್ರದಲ್ಲಿ 230 ದಿನ, ಒಟ್ಟು 8,050 ಟನ್. ಸ್ಕ್ರಬ್ಬರ್ ಬಳಸಲಾಗದ ನೀರಿನಲ್ಲಿ ಶೇ 15 ಕಳೆಯಿರಿ, ಉಳಿದದ್ದು ಸುಮಾರು 6,840 ಟನ್. ಹೆಚ್ಚು ಗಂಧಕದ ಎಣ್ಣೆಗೂ ವಿಎಲ್‌ಎಸ್‌ಎಫ್‌ಒಗೂ ಇರುವ ಬೆಲೆ ಅಂತರ ಟನ್ನಿಗೆ 100 ಡಾಲರ್ ಆದರೆ ಉಳಿತಾಯ 6.84 ಲಕ್ಷ ಡಾಲರ್. ಪಂಪುಗಳು ತಿನ್ನುವ ಶೇ 2ರಷ್ಟು ಎಣ್ಣೆ, ಸೆನ್ಸರ್, ದುರಸ್ತಿ ಎಂದು 1.3 ಲಕ್ಷ ತೆಗೆಯಿರಿ, ಕೈಗೆ ಬರುವುದು 5.5 ಲಕ್ಷ. ಕೂರಿಸಲು 30 ಲಕ್ಷ ಡಾಲರ್ ಆಗಿದ್ದರೆ ಐದೂವರೆ ವರ್ಷ. ಅಂತರ 200 ಆದರೆ ಎರಡೂವರೆ ವರ್ಷದೊಳಗೆ ವಾಪಸ್. ಅಂತರ 60ಕ್ಕೆ ಇಳಿದರೆ ಹನ್ನೊಂದು ವರ್ಷ. 2020ರ ಜನವರಿಯಲ್ಲಿ ಸಿಂಗಾಪುರದಲ್ಲಿ ಈ ಅಂತರ 300 ಡಾಲರ್ ದಾಟಿತ್ತು, ಕೆಲವೇ ತಿಂಗಳಲ್ಲಿ ಕೋವಿಡ್ ಬಂದು 100ರೊಳಗೆ ಕುಸಿಯಿತು. ಜನವರಿಯ ಅಂಕಿ ನೋಡಿ ಹಳೆಯ ಹಡಗಿಗೆ ಸ್ಕ್ರಬ್ಬರ್ ಬರೆಸಿದವರ ಲೆಕ್ಕವನ್ನು ಊಹಿಸಿಕೊಳ್ಳಿ. ನಮ್ಮ ಮಟ್ಟಿಗೆ, ದಿನಕ್ಕೆ 25 ಟನ್ನಿಗಿಂತ ಕಡಿಮೆ ಸುಡುವ ಅಥವಾ 15 ವರ್ಷ ದಾಟಿದ ಹಡಗಿಗೆ ಈ ಮಾತನ್ನೇ ಎತ್ತಬೇಕಿಲ್ಲ.

ಕೆಡುವುದು ಎಲ್ಲಿ? ಮೊದಲು ಹೊರಹೋಗುವ ಕೊಳವೆ. ಗೋಪುರದಿಂದ ಇಳಿಯುವ ನೀರು ಬೆಚ್ಚಗಿರುತ್ತದೆ, ಹುಳಿ ಇರುತ್ತದೆ. ಒಳಗಿನ ಲೇಪನದಲ್ಲಿ, ಅದರಲ್ಲೂ ವೆಲ್ಡ್ ಮೇಲೆ, ಒಂದು ಸಣ್ಣ ತೂತು ಸಾಕು, ಉಕ್ಕು ಎರಡು-ಮೂರು ವರ್ಷದೊಳಗೆ ತಿಂದುಹೋಗುತ್ತದೆ. ಓವರ್‌ಬೋರ್ಡ್ ವಾಲ್ವಿಗೂ ಹಡಗಿನ ಒಡಲಿಗೂ ನಡುವಿನ ತುಂಡು ತೂತಾದರೆ ಮುಚ್ಚಲು ವಾಲ್ವೇ ಇಲ್ಲ, ಸಮುದ್ರ ನೇರ ಎಂಜಿನ್ ಕೋಣೆಗೆ. ಆ ತುಂಡಿನ ದಪ್ಪವನ್ನು ಅಲ್ಟ್ರಾಸೋನಿಕ್ ಗೇಜಿನಿಂದ ಆರು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಆಮೇಲೆ ಸೆನ್ಸರ್‌ಗಳು: ಹೊಗೆ ವಿಶ್ಲೇಷಕದ ಮಾದರಿ ಕೊಳವೆ ತಣ್ಣಗಾದರೆ ತೇವ ಕಟ್ಟಿ ತಪ್ಪು ಅಂಕಿ ಕೊಡುತ್ತದೆ. ಸ್ಕ್ರಬ್ಬರ್ ಕೆಟ್ಟು ಒಂದು ಗಂಟೆಯಲ್ಲಿ ಸರಿಯಾಗದಿದ್ದರೆ ನಿಯಮಕ್ಕೆ ಒಪ್ಪುವ ಎಣ್ಣೆಗೆ ಬದಲಿಸಿ, ಧ್ವಜ ರಾಷ್ಟ್ರಕ್ಕೂ (ಹಡಗು ನೋಂದಣಿಯಾದ ದೇಶ) ಬಂದರು ರಾಷ್ಟ್ರಕ್ಕೂ ತಿಳಿಸಬೇಕು. ಅಂದರೆ ಸ್ಕ್ರಬ್ಬರ್ ಹಡಗಿನಲ್ಲೂ ಎಂಜಿಒ ಟ್ಯಾಂಕ್ ಖಾಲಿ ಇರುವಂತಿಲ್ಲ.

ಹಳೆಯ ಎಣ್ಣೆ ಎಂದರೆ ಪಳಗಿದ ಎಣ್ಣೆ ಎಂಬ ಧೈರ್ಯವೂ ಬೇಡ. 2022ರ ಆರಂಭದಲ್ಲಿ ಸಿಂಗಾಪುರದಲ್ಲಿ ಕ್ಲೋರಿನ್ ಸಂಯುಕ್ತಗಳಿಂದ ಕೆಟ್ಟ ಹೆಚ್ಚು ಗಂಧಕದ ಎಣ್ಣೆ ಸುಮಾರು 200 ಹಡಗುಗಳಿಗೆ ಹೋಗಿ, 80ರಷ್ಟು ಹಡಗುಗಳು ಫ್ಯೂಯೆಲ್ ಪಂಪು, ಎಂಜಿನ್ ತೊಂದರೆ ವರದಿ ಮಾಡಿದವು. ಸಾಮಾನ್ಯ ಪರೀಕ್ಷಾ ಪಟ್ಟಿಯಲ್ಲಿ ಈ ವಸ್ತುಗಳನ್ನು ಹುಡುಕುವುದೇ ಇಲ್ಲ, ಅದಕ್ಕೆ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಪರೀಕ್ಷೆಯನ್ನು ಬೇರೆಯಾಗಿ ಕೇಳಬೇಕು.

ನಾಲ್ಕನೆಯ ದಾರಿ: ಎಲ್‌ಎನ್‌ಜಿ, ಮೆಥನಾಲ್, ಜೈವಿಕ ಎಣ್ಣೆ

ಇವು ಬಹುಮಟ್ಟಿಗೆ ಹೊಸ ಹಡಗಿನ ಮಾತು. ಗಂಧಕದ ಪ್ರಶ್ನೆ ಇಲ್ಲಿ ಹೆಚ್ಚುಕಮ್ಮಿ ಮುಗಿದಂತೆ, ಉಳಿಯುವುದು ಇಂಗಾಲದ ಪ್ರಶ್ನೆ.

ಎಲ್‌ಎನ್‌ಜಿಯನ್ನು (ದ್ರವೀಕೃತ ನೈಸರ್ಗಿಕ ಅನಿಲ) ಮೈನಸ್ 162 ಡಿಗ್ರಿಯಲ್ಲಿ ಇಡಬೇಕು. ಅಷ್ಟೇ ಶಕ್ತಿಗೆ ಭಾರ ಎಣ್ಣೆಯ 1.8 ಪಟ್ಟು ಜಾಗ, ನಿರೋಧಕ ಪದರ ಬೇರೆ. ಉರಿದಾಗ ಇಂಗಾಲ ಸುಮಾರು ಕಾಲುಭಾಗ ಕಡಿಮೆ ಎಂಬ ಜಾಹೀರಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಉರಿಯದೆ ಜಾರುವ ಮೀಥೇನ್ ಎಷ್ಟು ಎಂಬುದು ಎಂಜಿನ್ನಿನ ಮೇಲೆ ನಿಂತಿದೆ. ಹಡಗಿನ ಎಣ್ಣೆಯ ಇಂಗಾಲಕ್ಕೆ ಮಿತಿ ಹಾಕುವ ಯುರೋಪಿನ ಫ್ಯೂಯೆಲ್ ಇಯು ನಿಯಮ ಕಡಿಮೆ ಒತ್ತಡದ ಮಧ್ಯಮ ವೇಗದ ಎಂಜಿನ್ನಿಗೆ ಶೇ 3.1 ಜಾರಿಕೆ, ನಿಧಾನ ವೇಗದ ಒಟ್ಟೊ ಸೈಕಲ್ ಎಂಜಿನ್ನಿಗೆ (ಅನಿಲ ಗಾಳಿಯೊಂದಿಗೆ ಮೊದಲೇ ಬೆರೆಯುವಂಥದ್ದು) 1.7, ಹೆಚ್ಚಿನ ಒತ್ತಡದ ಡೀಸೆಲ್ ಸೈಕಲ್ ಎಂಜಿನ್ನಿಗೆ 0.2 ಎಂದು ಹಿಡಿಯುತ್ತದೆ. ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಬಿಸಿಯೇರಿಸುತ್ತದೆ ಎಂದು ಲೆಕ್ಕ ಹಾಕಿದರೆ, 3.1ರ ಎಂಜಿನ್ನಿನಲ್ಲಿ ಆ ಕಾಲುಭಾಗದ ಲಾಭ ಶೇ 5ರ ಆಸುಪಾಸಿಗೆ ಕರಗುತ್ತದೆ. ಎಲ್‌ಎನ್‌ಜಿ ಹಡಗು ಬರೆಸುವವರು ಎಣ್ಣೆಗಿಂತ ಮೊದಲು ಎಂಜಿನ್ ಆರಿಸಬೇಕು ಎನ್ನುವುದು ಇದಕ್ಕೆ.

ಮೆಥನಾಲ್ ಸಾಮಾನ್ಯ ತಾಪದಲ್ಲಿ ದ್ರವ, ಟ್ಯಾಂಕ್ ಸುಲಭ. ಶಕ್ತಿ ಮಾತ್ರ ಕೆಜಿಗೆ 19.9 ಮೆಗಾಜೂಲ್, ಜಾಗ ಎರಡೂವರೆ ಪಟ್ಟು. ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ನೈಸರ್ಗಿಕ ಅನಿಲದಿಂದ ಮಾಡಿದ ಮೆಥನಾಲ್ ಸುಟ್ಟರೆ ಹವಾಮಾನಕ್ಕೆ ಏನೂ ಲಾಭವಿಲ್ಲ. ಹಸಿರು ಮೆಥನಾಲಿನ ದೀರ್ಘ ಒಪ್ಪಂದ ಕೈಯಲ್ಲಿ ಇಲ್ಲದವರು ಈ ದಾರಿ ಹಿಡಿಯದಿರುವುದೇ ಲೇಸು.

ಜೈವಿಕ ಎಣ್ಣೆಯ ಮಿಶ್ರಣ, ಬಿ24 ಅಥವಾ ಬಿ30 (ಶೇ 24 ಅಥವಾ ಶೇ 30 ಜೈವಿಕ), ಹಳೆಯ ಹಡಗಿಗೂ ಒಗ್ಗುತ್ತದೆ. ಐಎಸ್‌ಒ 8217ರ 2024ರ ಆವೃತ್ತಿ ಫೇಮ್ ಎಂಬ ಜೈವಿಕ ಡೀಸೆಲಿನ ಮಿಶ್ರಣಗಳನ್ನು ಒಳಗೊಂಡಿದೆ. ಇದು ನೀರನ್ನು ಹೀರುತ್ತದೆ, ನೀರಿದ್ದಲ್ಲಿ ಸೂಕ್ಷ್ಮಜೀವಿ ಬೆಳೆದು ಫಿಲ್ಟರಿನಲ್ಲಿ ಲೋಳೆ ಕಟ್ಟುತ್ತದೆ. ತಾಮ್ರ, ಸತುವಿನ ಭಾಗಗಳಿಗೆ ಆಗಿಬರದು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಡಬೇಡಿ, ಟ್ಯಾಂಕಿನ ತಳದ ನೀರನ್ನು ದಿನವೂ ತೆಗೆಯಿರಿ. ಲೈಫ್‌ಬೋಟ್, ತುರ್ತು ಜನರೇಟರಿನ ಟ್ಯಾಂಕಿಗೆ ಇದನ್ನು ಹಾಕಲೇಬಾರದು. ವರ್ಷಗಟ್ಟಲೆ ನಿಂತೇ ಇರುವ ಎಣ್ಣೆ ಅಲ್ಲಿನದು.

ಇಂಗಾಲದ ದರದ ಮಾತು ಹೇಳದೆ ಈ ಭಾಗ ಮುಗಿಯದು. ಯುರೋಪಿನ ಇಂಗಾಲದ ಮಾರುಕಟ್ಟೆ 2024ರಿಂದ ಹಡಗುಗಳಿಗೂ ಅನ್ವಯಿಸುತ್ತಿದೆ. 2024ರ ಹೊಗೆಯ ಶೇ 40, 2025ರ ಶೇ 70, 2026ರಿಂದ ಪೂರ್ತಿ. ಹಡಗಿನ ಇಂಗಾಲಕ್ಕೆ ದರ ಕಟ್ಟುವ ಐಎಂಒದ ಜಾಗತಿಕ ಚೌಕಟ್ಟಿನ ನಿರ್ಧಾರವನ್ನು 2025ರ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದೂಡಲಾಯಿತು. ಯುರೋಪಿಗೆ ಹೋಗದ ಹಡಗಿನವರು ಇದಕ್ಕಾಗಿ ಇಂದೇ ಹಣ ಹೂಡಬೇಕಿಲ್ಲ.

ಯಾವ ಹಡಗಿಗೆ ಯಾವುದು

ಪಶ್ಚಿಮ ಕರಾವಳಿಯಿಂದ ಕೊಲ್ಲಿಗೆ, ಆಗ್ನೇಯ ಏಷ್ಯಾಕ್ಕೆ ಓಡುವ ಮಧ್ಯಮ ಗಾತ್ರದ ಬಲ್ಕ್ ಹಡಗು ಅಥವಾ ಟ್ಯಾಂಕರಿಗೆ ವಿಎಲ್‌ಎಸ್‌ಎಫ್‌ಒ ಸಾಕು, ಬಂದರಿಗೆ ಬೇಕಾದಷ್ಟು ಎಂಜಿಒ ಜೊತೆಗಿರಲಿ. ದಾರಿಯಲ್ಲಿ ಶೇ 0.10ರ ವಲಯವೇ ಇಲ್ಲ. ಬ್ರೆಜಿಲಿನಿಂದ ಚೀನಾಕ್ಕೆ ಅದಿರು ಸಾಗಿಸುವ ದೈತ್ಯ ಹಡಗು, ದೊಡ್ಡ ಕಚ್ಚಾತೈಲ ಟ್ಯಾಂಕರ್, ಇವು ಹೆಚ್ಚು ಸುಡುತ್ತವೆ, ತೆರೆದ ಸಾಗರದಲ್ಲೇ ಬಹುಕಾಲ ಕಳೆಯುತ್ತವೆ, ಸ್ಕ್ರಬ್ಬರ್ ಇಲ್ಲಿ ದುಡಿಯುತ್ತದೆ. ಸುಯೆಜ್ ಮೂಲಕ ಯುರೋಪಿಗೆ ಹೋಗುವ ಕಂಟೇನರ್ ಹಡಗಿನ ಲೆಕ್ಕ ಮೆಡಿಟರೇನಿಯನ್ ವಲಯ ಬಂದ ಮೇಲೆ ಬದಲಾಗಿದೆ: ಹೈಬ್ರಿಡ್ ಸ್ಕ್ರಬ್ಬರ್ ಇದ್ದವರಿಗೆ ಲಾಭ ಹೆಚ್ಚಿತು, ಇಲ್ಲದವರ ಎಂಜಿಒ ಖರ್ಚು ಹೆಚ್ಚಿತು. ಹನ್ನೆರಡು ವರ್ಷ ದಾಟಿದ ಹಡಗಿಗೆ ಎಲ್‌ಎನ್‌ಜಿ ಪರಿವರ್ತನೆಯ ಕನಸು ಬೇಡ.

ಯಾವುದನ್ನೇ ಆರಿಸಿ, ಬಂಕರ್ ತುಂಬಿಸುವ ದಿನ ಈ ಕೆಲವು ವಿಷಯ ನೆನಪಿರಲಿ. ಮಾರಾಟಗಾರ ಕೊಡುವ ಡೆಲಿವರಿ ನೋಟಿನಲ್ಲಿ ಗಂಧಕ 0.50 ಎಂದೇ ಬರೆದಿದ್ದರೆ ಅನುಮಾನಿಸಿ. ಒಂದೇ ಎಣ್ಣೆಗೆ ಎರಡು ಪ್ರಯೋಗಾಲಯದ ಅಂಕಿ ತುಸು ಬೇರೆ ಬರುವುದು ಸಹಜ, ಆದ್ದರಿಂದ ಎಚ್ಚರದ ಮಾರಾಟಗಾರ 0.47ಕ್ಕೆ ಗುರಿ ಇಡುತ್ತಾನೆ. ಹಡಗಿನ ಟ್ಯಾಂಕಿನಿಂದ, ಕೊಳವೆಯಿಂದ ತೆಗೆದ ಮಾದರಿಗೆ 0.53ರವರೆಗೆ ರಿಯಾಯಿತಿ ಇದೆ, ಬಂಕರ್ ವೇಳೆ ಮೊಹರು ಮಾಡಿದ ಮಾರ್ಪೋಲ್ ಮಾದರಿಗೆ ಇಲ್ಲ. ಆ ಮಾದರಿಯನ್ನು ಎಣ್ಣೆ ಒಳಬರುವ ಹಡಗಿನ ಮ್ಯಾನಿಫೋಲ್ಡಿನಲ್ಲಿ, ತುಂಬಿಸುವ ಪೂರ್ತಿ ಹೊತ್ತು ಹನಿಹನಿಯಾಗಿ ತೆಗೆಯಬೇಕು. ಬಾರ್ಜಿನವರು ಮೊದಲೇ ತುಂಬಿ ತಂದ ಬಾಟಲಿಗೆ ಸಹಿ ಹಾಕಬೇಡಿ. ಕನಿಷ್ಠ 400 ಮಿಲಿ ಇರಲಿ, ಎಣ್ಣೆ ಬಹುಪಾಲು ಮುಗಿಯುವವರೆಗೆ, ಹೇಗಿದ್ದರೂ 12 ತಿಂಗಳು ಇಟ್ಟುಕೊಳ್ಳಿ. ಡೆಲಿವರಿ ನೋಟನ್ನು ಮೂರು ವರ್ಷ. ಪ್ರಯೋಗಾಲಯದ ವರದಿ ಬರುವವರೆಗೆ ಹೊಸ ಎಣ್ಣೆಯ ವಾಲ್ವ್ ತೆರೆಯದಿರಲು ಹಳೆಯ ಎಣ್ಣೆ ಕನಿಷ್ಠ ಐದು ದಿನಕ್ಕೆ ಉಳಿದಿರಬೇಕು, ಬಂಕರ್ ಎಲ್ಲಿ ತುಂಬಿಸುವುದು ಎಂದು ಯೋಜಿಸುವಾಗಲೇ ಈ ಐದು ದಿನವನ್ನು ಸೇರಿಸಿಕೊಳ್ಳಿ. ಒಪ್ಪುವ ಎಣ್ಣೆ ಎಲ್ಲೂ ಸಿಗದಿದ್ದರೆ ಫೋನಾರ್ (ಎಣ್ಣೆ ಸಿಗಲಿಲ್ಲವೆಂಬ) ವರದಿ ಕಳಿಸಲು ಅವಕಾಶವಿದೆ, ಅದು ಪರವಾನಗಿಯಲ್ಲ. ಯಾರನ್ನು ಕೇಳಿದಿರಿ, ಯಾವಾಗ ಕೇಳಿದಿರಿ, ಏನು ಉತ್ತರ ಬಂತು ಎಂಬ ಇಮೇಲ್‌ಗಳ ಕಟ್ಟು ಜೊತೆಗಿದ್ದರೆ ಮಾತ್ರ ಮುಂದಿನ ಬಂದರಿನ ಇನ್‌ಸ್ಪೆಕ್ಟರ್ ಅದನ್ನು ಓದುತ್ತಾರೆ.